ಏಳನೆಯ ವರ್ಷದ ಲಿಂಬೆಹಣ್ಣು

ನನ್ನ ಹೆಂಡತಿ ವಾರಿಜಾಕ್ಷಿಯ ಕೈಗೆ ಲಿಂಬೆಹಣ್ಣು ಸಿಕ್ಕಿದರೆ, ಅದು ತಿನ್ನುವ ವಸ್ತು ಎಂಬುದೇ ಅವಳಿಗೆ ಮರೆತುಹೋಗುತ್ತದೆ. ಅರ್ಧ ಹೋಳು ತಲೆಹೊಟ್ಟಿಗೆ, ಇನ್ನರ್ಧ ಹಿತ್ತಾಳೆ ದೀಪ ತಿಕ್ಕಲು. (ಊಟಕ್ಕೆ ಕೂತ ನನಗೆ ಲಿಂಬೆಯ ಪರಿಮಳ ಅವಳ ಜಡೆಯಿಂದ ಬರಬೇಕು.)

ಹೀಗಿರುವಾಗ, ೨೦೨೨ರಲ್ಲಿ, ದುಬೈಯ ಜೆಬೆಲ್ ಅಲಿಯಲ್ಲಿರುವ ನಮ್ಮ ಗೋದಾಮಿನ ಯಹೂದಿ ಸಹೋದ್ಯೋಗಿ ದೋವ್ ನನಗೆ ಏಳು ಲಿಂಬೆಹಣ್ಣು ಕೊಟ್ಟ. ಜೆರುಸಲೇಮಿನಲ್ಲಿ ಅವನ ಅಮ್ಮನ ಅಂಗಳದ್ದು. ಅವರಲ್ಲಿ ಏಳು ವರ್ಷಕ್ಕೊಮ್ಮೆ ಭೂಮಿಗೆ ರಜೆ; ಆ ವರ್ಷ ಬಿಟ್ಟ ಹಣ್ಣು ಪವಿತ್ರ. ಅದನ್ನು ದೇಶ ದಾಟಿಸುವುದೂ ಹೊರಗಿನವರಿಗೆ ಕೊಡುವುದೂ ಸರಿಯಲ್ಲವಂತೆ. ಆದರೆ ಅಮ್ಮ ಅವನಿಗೆ ತಿಳಿಯದಂತೆ ಚೀಲಕ್ಕೆ ತುಂಬಿದ್ದರು, ಇಲ್ಲಿ ಬಂದು ಚೀಲ ಬಿಚ್ಚಿದರೆ ಅವನಿಗೆ ಅಂದೇ ಕಂಪನಿ ಕೆಲಸಕ್ಕೆ ಬೇರೆ ಊರಿಗೆ ಹೊರಡಬೇಕಿತ್ತು. ಕೊಳೆಸುವುದಕ್ಕಿಂತ ಮೇಲು ಎಂದು ಮನಸ್ಸು ಗಟ್ಟಿ ಮಾಡಿದ. ತಿನ್ನಬಹುದು, ಕುಡಿಯಬಹುದು, ತಿಕ್ಕಬಾರದು, ಮಾರಬಾರದು, ಔಷಧಿ ಮಾಡಬಾರದು, ಸಿಪ್ಪೆಯನ್ನೂ ಕೊಳೆಯುವವರೆಗೆ ಬೇರೆ ಚೀಲದಲ್ಲಿಡಬೇಕು ಎಂದ. ನಾನು ಮಾತು ಕೊಟ್ಟೆ.

ಹದಿನೆಂಟು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕಿದ ಮೊದಲ ಅಧಿಕಾರ ಅದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ; ನಾನೂ ಹಿಡಿದೆ. ಬೆರೆತುಹೋದೀತೆಂದು, ಇವು ಮುಗಿಯುವವರೆಗೆ ಬೇರೆ ಲಿಂಬೆ ಮನೆಗೆ ತರಕೂಡದು ಎಂಬ ಉಪಕಾನೂನನ್ನು ನಾನೇ ಸೇರಿಸಿದೆ. ದೀಪ ಕಪ್ಪಾಯಿತು. ಅವಳಿಗೆ ಹೊಟ್ಟೆ ನೋವು ಬಂದು ಲಿಂಬೆ ಉಪ್ಪು ಕೇಳಿದಾಗಲೂ ನಾನು ಫ್ರಿಜ್ಜಿಗೆ ಅಡ್ಡ ನಿಂತೆ. ಅವಳು ಓಮದ ನೀರು ಕುಡಿದು ನನ್ನನ್ನೊಮ್ಮೆ ನೋಡಿದಳು. ಮಗಳು ಸುಪ್ರೀತಾ, “ಪಪ್ಪ, ಯು ಆರ್ ಟೂ ಮಚ್” ಎಂದಳು.

ಆ ಶನಿವಾರ ಬರ್ ದುಬೈಯಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಮೂರು ವರ್ಷ ಇಲ್ಲಿನ ಯಕ್ಷಗಾನ ಸಂಘದವರ ಕಾಲು ಹಿಡಿದು ಕೊನೆಗೂ ಒಂದು ಪಾತ್ರದ ಅರ್ಥ ಹೇಳುವ ಅವಕಾಶ ಗಿಟ್ಟಿಸಿದ್ದೆ. ಶುಕ್ರವಾರ ಬೆಳಿಗ್ಗೆ ಎದ್ದರೆ ಗಂಟಲು ಕಟ್ಟಿದೆ. ಬಾಯಿ ತೆರೆದರೆ ಬರೀ ಗಾಳಿ. ನನಗೆ ಅಳುವೇ ಬಂತು. ಬಿಸಿನೀರಿಗೆ ಒಂದು ಲಿಂಬೆ ಹಿಂಡಿ ಕೊಡು ಎಂದು ಪಿಸುಗುಟ್ಟಿದೆ.

“ಔಷಧಿಗೆ ಆಗುದಿಲ್ಲ ಅಂತ ನೀವೇ ಹೇಳಿದ್ದಲ್ವಾ? ಮಾತು ಕೊಟ್ಟದ್ದು ನೀವು” ಎಂದಳು ವಾರಿಜಾಕ್ಷಿ. ಬೇರೆ ಲಿಂಬೆ ತರೋಣವೆಂದರೆ ನನ್ನದೇ ಉಪಕಾನೂನು.

ದೋವ್‌ಗೆ ಮೆಸೇಜು ಹಾಕಿದೆ. ಆರೋಗ್ಯವಂತರೂ ಕುಡಿಯುವಂಥ ಪಾನೀಯವಾದರೆ ಕಾಯಿಲೆಯವರೂ ಕುಡಿಯಬಹುದು ಎಂದು ಉತ್ತರ ಬಂತು. ಬದುಕಿದೆ ಅನ್ನಿಸಿತು. ಉಳಿದಷ್ಟನ್ನೂ ಹಿಂಡಿ ಶರಬತ್ತು ಮಾಡು ಎಂದು ಸನ್ನೆ ಮಾಡಿ, ಜೇನು ತರಲು ಕೆಳಗಿನ ಗ್ರೋಸರಿಗೆ ಓಡಿದೆ.

ವಾಪಸು ಬಂದರೆ ಜಗ್ ಖಾಲಿ. ವಾರಿಜಾಕ್ಷಿ, ಸುಪ್ರೀತಾ, ಪಕ್ಕದ ಫ್ಲಾಟಿನ ಬೀಫಾತಿಮ ಮೂವರೂ ಬಾಯಿ ಒರೆಸಿಕೊಳ್ಳುತ್ತಿದ್ದರು.

“ಆರೋಗ್ಯ ಇದ್ದವರು ಕುಡೀತಾರಾ ಅಂತ ಮೊದಲು ನೋಡ್ಬೇಕಲ್ವಾ?” ಎಂದಳು ವಾರಿಜಾಕ್ಷಿ. “ನೋಡಿದೆವು. ಕುಡೀತಾರೆ. ಇನ್ನು ನಿಮಗೆ ಏನೂ ತೊಂದರೆ ಇಲ್ಲ.”

ಪುನಃ ಗ್ರೋಸರಿಗೆ ಓಡಿ ಸಾದಾ ಲಿಂಬೆ ತಂದು ನಾಲ್ಕು ಸಲ ಕುಡಿದೆ. ಸ್ವರ ಬರಲಿಲ್ಲ.

ಮರುದಿನ ನನ್ನ ಪಾತ್ರದ ಅರ್ಥವನ್ನು ಸಂಘದ ತಿಲಕ್ ಹೇಳಿದ. ನಾನು ಎದುರಿನ ಸಾಲಿನಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ವಾರಿಜಾಕ್ಷಿ ನನ್ನ ಕಡೆ ವಾಲಿ, “ಎಷ್ಟು ಚಂದ ಮಾತಾಡ್ತಾನಲ್ವಾ? ನೀವಾದ್ರೆ ಇಷ್ಟು ಹೊತ್ತಿಗೆ ಜನ ಎದ್ದು ಹೋಗ್ತಿದ್ರು. ಏನಂತೀರಿ?” ಎಂದಳು.

ಏನನ್ನಲಿ? ತಲೆಯಾಡಿಸಿದೆ.