ಅಕ್ಕನ ಮೈಯೊಳಗಿನ ಕಬ್ಬಿಣ

ಹಳಿಯಾಳದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಒಂದು ಚಟವಿದೆ: ಯಾರೂ ಕೇಳದಿದ್ದರೂ ವಿವರಿಸುವುದು. ನಿವೃತ್ತಿಯ ಮೇಲೆ ಅದು ಇನ್ನೂ ಬಲಿತಿದೆ. ಒಗ್ಗರಣೆಯಲ್ಲಿ ಸಾಸಿವೆ ಯಾಕೆ ಸಿಡಿಯುತ್ತದೆ ಎಂದು ಶುರುಮಾಡಿದರೆ ಸಾಕು, ಹೆಂಡತಿ ಸೌಟನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿಬಿಡುತ್ತಾಳೆ.

ಪಾಳಾದಲ್ಲಿರುವ ನಮ್ಮಕ್ಕ ಗಂಗವ್ವನ ಎದೆಯ ಗಡ್ಡೆ ಕ್ಯಾನ್ಸರ್ ಎಂದಾದಾಗ, ಜೊತೆಗೆ ಹೋಗುವ ಕೆಲಸ ಸಹಜವಾಗಿ ನನ್ನ ಪಾಲಿಗೇ ಬಂತು. ರೋಗ ಕಂಕುಳಿನ ಗ್ರಂಥಿಗಳಿಗೂ ಹಬ್ಬಿದೆಯೋ ಇಲ್ಲವೋ ತಿಳಿಯಬೇಕಿತ್ತು. ದೂರದ ದೊಡ್ಡಾಸ್ಪತ್ರೆಯೊಂದರಲ್ಲಿ ಹೊಸ ವಿಧಾನದ ಪ್ರಯೋಗ ನಡೆದಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ನ್ಯಾನೊ ಕಣಗಳನ್ನು ಸೂಜಿಯಿಂದ ರಕ್ತಕ್ಕೆ ಬಿಟ್ಟು, ಮರುದಿನ ಎಂಆರ್‌ಐ ಮಾಡುತ್ತಾರೆ. ಆರೋಗ್ಯವಾಗಿರುವ ಗ್ರಂಥಿ ಆ ಕಣಗಳನ್ನು ನುಂಗಿ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ; ರೋಗ ಹೊಕ್ಕಿದ್ದು ಬೆಳ್ಳಗೆ ಉಳಿಯುತ್ತದೆ. ಬಸ್ಸಿನ ದಾರಿಯುದ್ದಕ್ಕೂ ಇದನ್ನೇ ವಿವರಿಸಿದೆ.

“ಅಂದ್ರ ಕರ್ರಗಿದ್ರ ಚಲೋ ಅಂತೀ?” ಎಂದಳು ಅಕ್ಕ.

“ಹೌದಕ್ಕಾ.”

“ನನ್ನ ನೋಡಾಕ ಬಂದ ಗಂಡಿನ ಕಡೆಯವರು ಹುಡುಗಿ ಕರ್ರಗ ಅದಾಳ ಅಂತ ಉಪ್ಪಿಟ್ಟು ತಿಂದು ಎದ್ದು ಹೋಗ್ತಿದ್ರು. ಈ ಮಷೀನಿಗೆ ಒಂದಕ್ಕ ಬುದ್ಧಿ ಐತಿ ನೋಡು!”

ಅರ್ಧ ಬಸ್ಸು ನಕ್ಕಿತು.

ಸೂಜಿ ಚುಚ್ಚಿದ ಮರುದಿನ ಎಂಆರ್‌ಐ ಕೋಣೆಯ ಹೊರಗೆ ನರ್ಸಮ್ಮ, ಮೈಮೇಲೆ ಲೋಹ ಇರಬಾರದು ಎಂದಳು. ಅಕ್ಕ ಓಲೆ, ಮೂಗುತಿ ಬಿಚ್ಚಿ ಕೊಟ್ಟಳು. ಕೊರಳಿನ ಬೆಳ್ಳಿಯ ಕರಡಿಗೆಯನ್ನು ಮಾತ್ರ ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು. ಒಳಗಿರುವುದು ಇಷ್ಟಲಿಂಗ, ಅದನ್ನು ಮೈಯಿಂದ ಬೇರೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ.

“ನಿನ್ನೆ ಒಳಗ ಕಬ್ಬಿಣ ಹಾಕಿದವ್ರು ನೀವ. ಇವತ್ತ ಹೊರಗ ಒಂದು ಪಿನ್ನೂ ಬ್ಯಾಡ ಅಂತೀರಿ. ಲಿಂಗ ಮಾತ್ರ ನಾ ಬಿಡಂಗಿಲ್ರಿ.”

ನಾನು ಗಂಟಲು ಸರಿಮಾಡಿಕೊಂಡೆ. “ಅಕ್ಕಾ, ವಿಜ್ಞಾನದ ಮುಂದ ಇಂಥಾ ನಂಬಿಕಿ…”

“ಸುಮ್ಕ ಕುಂದ್ರು!”

ನರ್ಸಮ್ಮ ನನಗಿಂತ ಜಾಣೆ. ಕರಡಿಗೆ ತೆಗೆಸಿ, ಲಿಂಗಕ್ಕೆ ಕೈಯ ಅಯಸ್ಕಾಂತ ಹಿಡಿದು ನೋಡಿದಳು. ಅಂಟಲಿಲ್ಲ. “ಅರಿವಿಯಾಗ ಸುತ್ತಿ ರಟ್ಟೆಗೆ ಕಟ್ಕೊಳ್ರಿ ಅಮ್ಮಾರ,” ಎಂದಳು. ಅಕ್ಕನ ಮುಖ ಅರಳಿತು. ಆದರೆ ಒಬ್ಬಳೇ ಒಳಗೆ ಹೋಗಲಾರೆ, ತಮ್ಮನೂ ಬರಲಿ ಎಂದು ಹಟ ಹಿಡಿದಳು.

ಹಾಗಾಗಿ ನನ್ನ ತಪಾಸಣೆಯೂ ಆಯಿತು. ಗಡಿಯಾರ, ಕೀಲಿಕೈ, ಬೆಲ್ಟು ಎಲ್ಲ ತೆಗೆದಿಟ್ಟೆ. ಅಯಸ್ಕಾಂತ ಸೊಂಟದ ಹತ್ತಿರ ಬಂದಾಗ ಟಕ್ಕೆಂದು ಅಂಟಿಕೊಂಡಿತು. ಅಂಗಿಯ ಅಡಿಯ ಉಡಿದಾರದಲ್ಲಿ ಕಬ್ಬಿಣದ ತಗಡಿನ ತಾಯಿತ! ಅಕ್ಕನ ರೋಗದ ಸುದ್ದಿ ಬಂದ ದಿನ, ಹೆಂಡತಿಗೂ ಹೇಳದೆ ಕಟ್ಟಿಕೊಂಡದ್ದು.

ಅಕ್ಕ ಕಣ್ಣೀರು ಬರುವಷ್ಟು ನಕ್ಕಳು. “ಇದನ್ನಷ್ಟು ವಿವರಿಸ್ರಿ, ಮಾಸ್ತರ!”

“ನಿನಗೇನರ ಆದ್ರ ಹೆಂಗ ಅಂತ ಹೆದರಿದ್ದೆನಕ್ಕಾ,” ಎಂದೆ. ಅವಳು ನಗು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು.

ನಾಲ್ಕು ದಿನಕ್ಕೆ ವರದಿ ಬಂತು. ಕಂಕುಳಿನ ಗ್ರಂಥಿಗಳೆಲ್ಲ ಕಪ್ಪಗಿದ್ದವು. ಎದೆಯ ಗಡ್ಡೆಗೆ ಚಿಕಿತ್ಸೆ ನಡೆದಿದೆ, ಅಕ್ಕ ಗೆಲುವಾಗಿದ್ದಾಳೆ. ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾಳೆ: “ಡಾಕ್ಟರು ಕಬ್ಬಿಣ ಹಾಕಿದ್ದು ನನ್ನ ಮೈಯಾಗ; ಸಿಕ್ಕಿಬಿದ್ದಾಂವ ನಮ್ಮ ತಮ್ಮ.”