ಕಸದ ಚೀಲದಲ್ಲಿ ಸಿಕ್ಕಿದ ಹೇಳ್ಕಿ

ಹಾಲಿನ ಪ್ಲಾಸ್ಟಿಕ್ ತೊಟ್ಟೆಯನ್ನು ತೊಳೆದು, ಒಣಗಿಸಿ, ಮಡಚಿ ಇಡುವ ಗಂಡಸನ್ನು ನೀವು ಕಂಡಿದ್ದೀರಾ? ಕುಂದಾಪುರದ ಕೋಡಿಯ ಗೋವರ್ಧನ ಅಂಥವನು. ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ. ಅವನ ಮನೆಯ ಹಗ್ಗದ ಮೇಲೆ ಹೆಂಡತಿ ಸುಗುಣಳ ಸೀರೆಗೆ ಜಾಗ ಸಿಗುವುದು ಕಷ್ಟ, ತೊಟ್ಟೆಗಳು ಬಾವಲಿಗಳ ಹಾಗೆ ನೇತಾಡುತ್ತಿರುತ್ತವೆ. ಒಣಕಸ ಬೇರೆ, ಹಸಿಕಸ ಬೇರೆ. ಒಣಕಸದಲ್ಲೂ ಕಾಗದ ಬೇರೆ, ರಟ್ಟು ಬೇರೆ. ಹೋದ ಶನಿವಾರ ಬೀಚ್ ರಸ್ತೆಯಲ್ಲಿ ಹೆಂಡತಿಯ ಸೀರೆ ಚಕ್ರಕ್ಕೆ ಸಿಕ್ಕಿತೆಂದು ಸ್ಕೂಟರ್ ನಿಲ್ಲಿಸುವಾಗಲೂ ಇಂಡಿಕೇಟರ್ ಹಾಕಿಯೇ ನಿಲ್ಲಿಸಿದವನು. ಆ ರಸ್ತೆಯಲ್ಲಿ ಆಗ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ.

ಇಂಥವನ ಹೆಸರನ್ನು ಶುಕ್ರವಾರ ಬೆಳಿಗ್ಗೆ ಬೀದಿಯ ಕೊನೆಯ ಕಂಬಕ್ಕೆ ಫ್ಲೆಕ್ಸ್ ಮಾಡಿ ಕಟ್ಟಿದ್ದರು. "ರಸ್ತೆ ಬದಿ ಕಸ ಎಸೆದವರು: ಗೋವರ್ಧನ, ಐಸ್ ಪ್ಲಾಂಟ್. ಇವರಿಗೆ ನಾಚಿಕೆಯಾಗಲಿ."

ಕಸ ಎಸೆದವರ ಹೆಸರನ್ನು ಫ್ಲೆಕ್ಸಿಗೆ ಹಾಕಬೇಕೆಂದು ಬೀದಿಯ ಸ್ವಚ್ಛತಾ ಸಮಿತಿಯಲ್ಲಿ ಹಟ ಹಿಡಿದವನು ಯಾರು? ಇದೇ ಗೋವರ್ಧನ. "ನಾಚಿಕೆಯಾಗಲಿ" ಎಂಬ ಸಾಲು ಬರೆದುಕೊಟ್ಟವನೂ ಅವನೇ. ಆದರೂ ನನಗೆ ಸಿಟ್ಟು ಬರುವುದು ಊರಿನ ಮೇಲೆ. ನಿಜವಾಗಿ ಕಸ ಹಾಕುವವರು ಕಾರಿನಲ್ಲಿ ಬಂದು ಕಾರಿನಲ್ಲೇ ಹೋಗುತ್ತಾರೆ. ಅವರನ್ನು ಹಿಡಿಯುವ ತಾಕತ್ತು ಯಾರಿಗೂ ಇಲ್ಲ. ಆಮೇಲೆ ನಡೆದುಕೊಂಡು ಹೋಗುವವನನ್ನು ಹಿಡಿದು ನ್ಯಾಯ ಮಾಡಿದೆವು ಎಂದು ಚಹಾ ಕುಡಿಯುವುದು.

ಅವತ್ತೇ ಸಂಜೆ ನಾಲ್ಕು ಗಂಟೆಗೆ ಬೈಂದೂರಿನಿಂದ ಮಗಳು ಸೌಜನ್ಯಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಒಳ್ಳೆಯ ಸಂಬಂಧ. ಸೌಜನ್ಯ ಎಂಟು ಸಂಬಂಧ ಬೇಡವೆಂದು ಒಂಬತ್ತನೆಯದಕ್ಕೆ ತಲೆಯಾಡಿಸಿದ್ದಳು. ಬರುವ ದಾರಿ ಒಂದೇ, ಅದೂ ಆ ಕಂಬದ ಅಡಿಯಿಂದ.

ಗೋವರ್ಧನ ಚಪ್ಪಲಿ ಮೆಟ್ಟಿ ಸಮಿತಿಯ ಅಧ್ಯಕ್ಷ ಪ್ರೇಮಾನಂದನ ಮನೆಗೆ ಹೊರಟ. ಅರ್ಧ ದಾರಿಯಲ್ಲಿ ಮೀನು ಮಾರುವ ಪದ್ದು ಬುಟ್ಟಿ ಇಳಿಸಿ, ಸತ್ತ ಮನೆಯಲ್ಲಿ ಮಾತಾಡುವ ದನಿಯಲ್ಲಿ ಸಮಾಧಾನ ಹೇಳಿದಳು.

"ಹೋಯ್ಲಿ ಗೋವರ್ಧನಣ್ಣ, ತಪ್ಪ್ ಎಲ್ಲರೂ ಮಾಡ್ತ್ರ್. ಒಪ್ಕಂಡ್ರೆ ಮುಗೀತ್."

"ನಾನ್ ಹಾಕ್ಲಿಲ್ಲೆ ಮಾರಾಯ್ತಿ."

"ಅದೇ, ಒಪ್ಕಂಬುದ್ ಸ್ವಲ್ಪ ಕಷ್ಟವೇ," ಎಂದು ಅವಳು ಬುಟ್ಟಿ ಹೊತ್ತಳು. ಹೋಗುವಾಗ ಅವನ ಕೈಯಲ್ಲಿದ್ದ, ಬೆವರು ಒರೆಸುವ ಬೈರಾಸನ್ನು ಎರಡು ಸಲ ತಿರುಗಿ ನೋಡಿದಳು, ಅದರೊಳಗೆ ಏನೋ ಸುತ್ತಿಕೊಂಡು ಎಸೆಯಲು ಹೊರಟಿದ್ದಾನೋ ಎಂಬಂತೆ.

ಪ್ರೇಮಾನಂದ ಸಾಕ್ಷಿ ಸಮೇತ ಕಾದಿದ್ದ. ಕಸದ ಗಾಡಿಯ ಮುತ್ತು ಬೀಚ್ ರಸ್ತೆಯ ಗಾಳಿಮರದ ಬುಡದಲ್ಲಿ ಒಂದು ಚೀಲ ಬಿಚ್ಚಿದಾಗ ಸಿಗಡಿ ಸಿಪ್ಪೆಯ ನಡುವೆ ಒಂದು ಮದುವೆಯ ಕಾಗದ ಸಿಕ್ಕಿತ್ತಂತೆ. ಮೇಲೆ ಕೈಯಲ್ಲಿ ಬರೆದ ಹೆಸರು: "ಗೋವರ್ಧನ ಮತ್ತು ಮನೆಯವರಿಗೆ." ತಾನು ಎಸೆದಿಲ್ಲವೆಂದು ಗೋವರ್ಧನ ಹೇಳಿದ. ಪ್ರೇಮಾನಂದ ಮೂಗಿನ ಮೇಲಿನ ಕನ್ನಡಕ ಸರಿಮಾಡಿದ.

"ಎಸ್ದವ್ರೆಲ್ಲ ಹೀಂಗೇ ಹೇಳುದ್."

ಆದರೆ ಕಾಗದ ಬಿಡಿಸಿ ಓದಿದ ಗೋವರ್ಧನನ ಮುಖ ಬೇರೆಯೇ ಆಯಿತು. ಅದು ಗುಲ್ವಾಡಿಯ ಸೀತುವಿನ ಮಗಳ ಮದುವೆಯದ್ದು. ಸೀತು ಅವನ ದೊಡ್ಡಪ್ಪನ ಮಗ. ಮದುವೆ ಮುಗಿದು ತಿಂಗಳಾಗಿತ್ತು, ಗೋವರ್ಧನ ಹೋಗಿರಲಿಲ್ಲ. ಯಾಕೆ? ಹೇಳ್ಕಿ ಬಂದಿರಲಿಲ್ಲ. ನಮ್ಮಲ್ಲಿ ಮದುವೆಗೆ ಮನೆಗೆ ಬಂದು, ಕಾಗದ ಕೈಗೆ ಕೊಟ್ಟು, "ಎಲ್ಲರೂ ಬರ್ಕ್" ಎಂದು ಬಾಯಲ್ಲಿ ಹೇಳಬೇಕು. ಅದು ಹೇಳ್ಕಿ. ಫೋನಿನಲ್ಲಿ ಹೂವಿನ ಚಿತ್ರ ಕಳಿಸಿದರೆ ಅದು ಲೆಕ್ಕಕ್ಕಿಲ್ಲ. ಸ್ವಂತ ದೊಡ್ಡಪ್ಪನ ಮಗನೇ ಹೇಳ್ಕಿ ಕೊಡಲಿಲ್ಲವೆಂದು ಗೋವರ್ಧನ ಒಂದು ತಿಂಗಳಿಂದ ಐಸ್ ಪ್ಲಾಂಟಿಗೆ ಬಂದವರಿಗೆಲ್ಲ ಹೇಳಿ ಹೇಳಿ ಐಸನ್ನೂ ಬಿಸಿ ಮಾಡಿದ್ದ.

ಹತ್ತು ಗಂಟೆಗೆ ಭಜನಾ ಮಂದಿರದ ಜಗುಲಿಯಲ್ಲಿ ಸಮಿತಿ ಸೇರಿತು. ಗೋವರ್ಧನ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನಿಂತ. ಸಿಗಡಿಯ ವಾಸನೆಗೆ ಮುಂದಿನ ಸಾಲು ಹಿಂದೆ ಸರಿಯಿತು. ಈ ಕಾಗದ ತನಗೆ ಮುಟ್ಟಲೇ ಇಲ್ಲ; ಮುಟ್ಟದ ಕಾಗದವನ್ನು ಎಸೆಯುವುದು ಹೇಗೆ, ಎಂದು ಕೇಳಿದ. ಬರುವ ದಾರಿಯಲ್ಲೇ ಫೋನ್ ಮಾಡಿ ವಿಚಾರಿಸಿದ್ದ: ಸೀತುವಿಗೆ ಕಾಲು ಉಳುಕಿ, ಕೋಡಿಯ ಹೇಳ್ಕಿಗಳನ್ನೆಲ್ಲ ಹಂಚಲು ಒಬ್ಬರ ಕೈಯಲ್ಲಿ ಕೊಟ್ಟಿದ್ದ, ಆ ಒಬ್ಬರು ಯಾರು, ಎಂದೂ ಕೇಳಿದ.

ಎಲ್ಲರೂ ಪ್ರೇಮಾನಂದನನ್ನು ನೋಡಿದರು.

"ನಾನ್ ನಿನ್ ಹೆಣ್ತಿ ಕೈಯ್ಯಲ್ಲೇ ಕೊಟ್ಟದ್ದ್ ಮಾರಾಯ. ಚಾ ಕುಡ್ದೇ ಬಂದದ್ದ್."

"ಎಸ್ದವ್ರೆಲ್ಲ ಹೀಂಗೇ ಹೇಳುದ್," ಎಂದ ಗೋವರ್ಧನ.

ಜಗುಲಿ ನಕ್ಕಿತು. ಹತ್ತು ನಿಮಿಷದ ಹಿಂದೆ ಗೋವರ್ಧನನನ್ನು ಕೊಳಕ ಎಂದವರೇ ಈಗ, ಪ್ರೇಮಾನಂದನ ಮೇಲೆ ನಮಗೆ ಮೊದಲಿನಿಂದಲೂ ಸಂಶಯವಿತ್ತು ಎಂದರು. ಕಸ ಹಾಕಿದ್ದನ್ನಾದರೂ ಮಾಫಿ ಮಾಡಬಹುದು, ಮದುವೆಯ ಹೇಳ್ಕಿಯನ್ನು ಕಸಕ್ಕೆ ಹಾಕುವುದೆಂದರೆ ಮನುಷ್ಯರು ಮಾಡುವ ಕೆಲಸವೇ? ಹೆಂಗಸರು ಕೆನ್ನೆಗೆ ಕೈ ಕೊಟ್ಟರು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಗೆದ್ದವನಿಗೆ ಕುಳಿತುಕೊಳ್ಳುವುದು ಗೊತ್ತಾಗುವುದಿಲ್ಲ. ಬರೀ ಹೆಸರು ಹಾಕಿದರೆ ಜನಕ್ಕೆ ಮರ್ಯಾದೆ ಬರುವುದಿಲ್ಲ, ಇನ್ನು ಮೇಲೆ ಫೋಟೋ ಹಾಕಬೇಕು, ಫ್ಲೆಕ್ಸ್ ಈಗಿನದರ ಎರಡು ಪಟ್ಟು ಇರಬೇಕು, ಒಂದು ವರ್ಷ ಯಾರೂ ಬಿಚ್ಚಬಾರದು ಎಂದು ಗೋವರ್ಧನ ಠರಾವು ಮಂಡಿಸಿದ. ಮೊದಲ ಫೋಟೋ ಪ್ರೇಮಾನಂದನದೇ ಆಗಲೆಂದು ಕೈಗಳೆಲ್ಲ ಮೇಲೆ ಹೋದವು. ಹಳೆಯ ಫ್ಲೆಕ್ಸ್ ಇಳಿಯಿತು. ಪ್ರೇಮಾನಂದ ಮಾತ್ರ ತುಟಿ ಬಿಗಿದು, ಬೀಚ್ ರಸ್ತೆಯ ಕ್ಯಾಮೆರಾ ಹಾಕಿದ ತೆಕ್ಕಟ್ಟೆಯವನಿಗೆ ಫೋನ್ ಮಾಡುತ್ತಾ ಹೊರಟುಹೋದ. ಆ ಕ್ಯಾಮೆರಾ ಹಾಕಿ ಎರಡು ತಿಂಗಳಾಗಿತ್ತು. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದೆ ಅದನ್ನು ಇದುವರೆಗೆ ತೆರೆದು ನೋಡಿರಲಿಲ್ಲ.

ಐಸ್ ಪ್ಲಾಂಟಿನ ಕೆಲಸ ಬೇಗ ಮುಗಿಸಿ ಮಧ್ಯಾಹ್ನ ಮನೆಗೆ ಬಂದ ಗೋವರ್ಧನ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಮೊದಲಿನಿಂದ ಹೇಳಿದ. ಸುಗುಣ ಬೈಂದೂರಿನವರಿಗೆಂದು ಗೋಳಿಬಜೆಯ ಹಿಟ್ಟು ಕಲಸುತ್ತಿದ್ದಳು. ಠರಾವಿನ ಹತ್ತಿರ ಬರುವಾಗ ಅವಳ ಕೈ ನಿಂತಿತು.

"ಹೇಳ್ಕಿ ಬಂದಿತ್ತ್," ಎಂದಳು.

"ಎಂತ?"

"ಪ್ರೇಮಾನಂದಣ್ಣ ನನ್ ಕೈಯ್ಯಲ್ಲೇ ಕೊಟ್ಟದ್ದ್. ಚಾ ಕುಡ್ದ್ ಹೋಯ್ರ್."

ಸೀತುವಿನ ಹೊಸ ಮನೆಯ ಒಕ್ಕಲಿನ ದಿನ ಅವನ ಹೆಂಡತಿ ರತ್ನ ಎಲ್ಲ ಹೆಂಗಸರಿಗೂ ಮಲ್ಲಿಗೆ ಕೊಟ್ಟು, ಸುಗುಣಳ ಹತ್ತಿರ ಬರುವಾಗ ಹರಿವಾಣ ಒಳಗೆ ತೆಗೆದುಕೊಂಡು ಹೋಗಿದ್ದಳಂತೆ. ಆ ಮನೆಯ ಮೆಟ್ಟಿಲು ಹತ್ತುವುದಿಲ್ಲವೆಂದು ಇವಳು ಅಂದೇ ನಿಶ್ಚಯಿಸಿದ್ದಳು. ಗಂಡನಿಗೆ ಹೇಳ್ಕಿ ತೋರಿಸಿದರೆ ಅವನು ಹೋಗೇ ಹೋಗುತ್ತಾನೆ. ಅದಕ್ಕೆ ಅಕ್ಕಿ ಡಬ್ಬದ ಅಡಿಯಲ್ಲಿ ಇಟ್ಟಳು, ಮದುವೆ ಮುಗಿದ ಮೇಲೆ ಎಸೆದಳು.

"ಮನೆ ಕಸಕ್ಕೇ ಹಾಕುಕೆ ಆತಿರ್ಲಿಲ್ಯಾ ನಿಂಗೆ?"

"ಮನೆ ಕಸಕ್ಕಾ? ನೀವ್ ಒಂದೊಂದ್ ಕಾಗ್ದ ಬಿಡ್ಸಿ ಓದಿ, ರಟ್ಟ್ ಬೇರೆ ಮಾಡ್ತ್ರಿ. ಈ ಮನೇಲ್ ಒಂದ್ ಚೀಟಿ ಬಿಸಾಡುಕೆ ಜಾಗ ಇತ್ತಾ?"

ಗೋವರ್ಧನ ಗೋಡೆಯತ್ತ ನೋಡಿದ. ಗಡಿಯಾರ ಮೂರು ತೋರಿಸುತ್ತಿತ್ತು. ಓಡಿಹೋಗಿ ಸತ್ಯ ಹೇಳಿದರೆ ತನ್ನ ಹೆಂಡತಿಯ ಫೋಟೋ, ತನ್ನದೇ ಠರಾವು, ಮಗಳ ಸಂಬಂಧ. ಹೇಳದಿದ್ದರೆ ಪಾಪದ ಪ್ರೇಮಾನಂದ ಒಂದು ವರ್ಷ ಕಂಬದ ಮೇಲೆ. ಒಂಚೂರು ಯೋಚನೆ ಮಾಡಿದ. ನಿಜ ಹೇಳುತ್ತೇನೆ, ಬಹಳ ಹೊತ್ತೇನೂ ಮಾಡಲಿಲ್ಲ.

"ಬೈಂದೂರಿನವ್ರ್ ಹೋಪಲ್ಲಿವರೆಗೆ ಸುಮ್ನಿರ್," ಎಂದು ಇಸ್ತ್ರಿ ಅಂಗಿ ಹಾಕಿಕೊಂಡ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬೀದಿಯ ಕೊನೆಯಲ್ಲಿ ಏಣಿಯ ಸದ್ದು ಕೇಳಿತು. ಕುಂದಾಪುರದಿಂದ ಹೊಸ ಫ್ಲೆಕ್ಸ್ ಬಂದಿತ್ತು. ನೋಡದಿದ್ದರೆ ಜನ ಸಂಶಯಪಡುತ್ತಾರೆಂದು ಗೋವರ್ಧನ ಮುಖ ಗಂಭೀರ ಮಾಡಿಕೊಂಡು ಹೋದ. ಫ್ಲೆಕ್ಸ್ ಮೇಲಿನಿಂದ ಕೆಳಗೆ ಬಿಚ್ಚಿಕೊಂಡಿತು, ಹಳೆಯದರ ಎರಡು ಪಟ್ಟು. ಮೊದಲು ಗಾಳಿಮರ ಕಂಡಿತು. ಆಮೇಲೆ ಒಬ್ಬ ಹೆಂಗಸಿನ ಎತ್ತಿದ ಕೈ, ಕೈಯಿಂದ ಹಾರುತ್ತಿರುವ ಚೀಲ. ಅವಳ ಮುಂದೆ ಸ್ಕೂಟರಿನ ಮೇಲೆ, ಹೆಲ್ಮೆಟ್ಟಿನ ಗಾಜು ಎತ್ತಿ, ಎದೆ ಸೆಟೆದು, ದೇಶ ಕಾಯುವವನ ಹಾಗೆ ನೇರ ಮುಂದೆ ನೋಡುತ್ತಿರುವ ಗೋವರ್ಧನ. ಇಂಡಿಕೇಟರ್ ಹೊತ್ತಿಕೊಂಡಿತ್ತು. ಸೀರೆ ಚಕ್ರದಿಂದ ಒಂದು ಮೊಳ ದೂರವಿತ್ತು.

ಕಂಬದ ಹತ್ತಿರ ಪ್ರೇಮಾನಂದ ಕೈಕಟ್ಟಿ ನಿಂತಿದ್ದ. ಕ್ಯಾಮೆರಾ ಎರಡು ತಿಂಗಳಲ್ಲಿ ಮಾಡಿದ ಒಂದೇ ಒಂದು ಕೆಲಸ ಇದು.

ಆಗಲೇ ಬಿಳಿಯ ಕಾರೊಂದು ಬೀದಿಗೆ ತಿರುಗಿ, ಫ್ಲೆಕ್ಸಿನ ಅಡಿಯಲ್ಲಿ ನಿಂತಿತು. ಗಾಜು ಇಳಿಯಿತು. ಒಳಗಿನಿಂದ ಒಂದು ಮೊಬೈಲ್ ಮೇಲೆದ್ದು ಫೋಟೋ ತೆಗೆಯಿತು. ಕಾರು ಹಿಂದೆ ಸರಿದು ತಿರುಗುತ್ತಿರುವಾಗ ಗೋವರ್ಧನನ ಜೇಬಿನಲ್ಲಿ ಫೋನ್ ಬಡಿಯಿತು. ಬೈಂದೂರಿನವರು. ಹೆಮ್ಮಾಡಿಯ ಹತ್ತಿರ ಟಯರ್ ಪಂಕ್ಚರ್ ಆಗಿದೆ, ಇವತ್ತು ಬರಲಾಗುವುದಿಲ್ಲ, ಮುಂದೆ ನೋಡುವ ಎಂದರು. ಅವರ ನಾಲ್ಕು ಗಟ್ಟಿ ಟಯರುಗಳು ಅವನ ಎದುರಿನಿಂದಲೇ ಉರುಳಿಹೋದವು.

ಹೋಗುವಾಗ ಅದೇ ಕಿಟಕಿಯಿಂದ ಒಂದು ಜ್ಯೂಸ್ ಬಾಟಲಿ ಹೊರಗೆ ಬಂದು, ಕುಣಿಯುತ್ತಾ, ಗೋವರ್ಧನನ ಕಾಲ ಬುಡದಲ್ಲಿ ನಿಂತಿತು. ಅದರ ಫ್ಲೆಕ್ಸ್ ಯಾರು ಮಾಡಿಸುತ್ತಾರೆ? ಯಾರೂ ಇಲ್ಲ. ಇಷ್ಟು ವರ್ಷದ ಅಭ್ಯಾಸ ನೋಡಿ, ಅವನ ಸೊಂಟ ತಾನಾಗಿಯೇ ಬಗ್ಗಿತು. ಬಾಟಲಿ ಎತ್ತಿಕೊಂಡು, ಮುಚ್ಚಳ ಬೇರೆ ಮಾಡಿ, ಎರಡು ಕೈಯಲ್ಲಿ ಎರಡನ್ನು ಹಿಡಿದು ರಸ್ತೆ ಬದಿಯಲ್ಲಿ ನೆಟ್ಟಗಾದ.

ತಲೆಯ ಮೇಲೆ ಬುಟ್ಟಿ ಹೊತ್ತ ಪದ್ದು ಅದೇ ಹೊತ್ತಿಗೆ ಮೂಲೆ ತಿರುಗಿದಳು. ಫ್ಲೆಕ್ಸ್ ನೋಡಿದಳು, ಬಾಟಲಿ ನೋಡಿದಳು, ಅವನ ಮುಖ ನೋಡಿದಳು.

"ಫೋಟೋದ ಅಡಿಯಲ್ಲೇ ನಿಂತ್ಕಂಡ್ ಗೋವರ್ಧನಣ್ಣ," ಎಂದಳು, "ಇನ್ನೂ ಬಿಸಾಡುದ್ ಬಿಡ್ಲಿಲ್ಯಾ?"