ಫೋನು ಬಿಸಿ ಅಂತೆ

ಗ್ರಂಥಪಾಲಕರ ಫೋನಿಗೆ ಹೊಸ ಬ್ಯಾಟರಿ ಬಂದದ್ದು ನಿನ್ನೆ ಸಂಜೆ. ಜ್ವರ ಬಂದದ್ದು ಇವತ್ತು ಬೆಳಗ್ಗೆ.

ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಗ್ರಂಥಾಲಯದ ಬೀಗ ತೆಗೆಯುತ್ತಿದ್ದಾಗ ಎದೆಯ ಎಡಭಾಗ ಬೆಚ್ಚಗಾಯಿತು. ಅವರು ಮೊದಲು ಅದನ್ನು ಹೆಂಡತಿಯ ನೆನಪೆಂದೇ ತಿಳಿದರು. ನೆನಪು ಚರ್ಮ ಸುಡುವುದಿಲ್ಲವೆಂದು ಹೊಳೆದಾಗ ಕೈಹಾಕಿ ನೋಡಿದರು. ಫೋನು ಒಲೆಯಿಂದ ಈಗಷ್ಟೇ ಇಳಿಸಿದ ಕಾವಲಿಯ ಹಾಗಿತ್ತು.

ಬೇರೆ ದಿನವಾಗಿದ್ದರೆ ಮೇಜಿನ ಮೇಲೆ ಬಿಸಾಕಿ ಸುಮ್ಮನಿರುತ್ತಿದ್ದರು. ಆದರೆ ಈಗ ಅವರ ಪ್ರಾಣವೆಲ್ಲ ಆ ಫೋನಿನಲ್ಲೇ ಇತ್ತು. ಅದಕ್ಕೆ ಕಾರಣ ಒಂದೇ ಒಂದು ಅಕ್ಷರ.

ಓದಲು ಬರುವವರೆಲ್ಲ ಅವರನ್ನು ಕರೆಯುವುದು ‘ಶ್ ಸಾರ್’ ಎಂದು. ಕುರ್ಚಿ ಕಿರ್ರೆಂದರೆ ಶ್, ಯಾರಾದರೂ ಕೆಮ್ಮಿದರೆ ಶ್, ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೂ ಶ್. ಹೋದ ವಾರ ಅಡುಗೆಮನೆಯಲ್ಲಿ ಹೆಂಡತಿ ತನ್ನ ಚಿಕ್ಕಮ್ಮನ ಮಗಳ ಸೀಮಂತದ ಜಗಳವನ್ನು ರಸವತ್ತಾಗಿ ಹೇಳುತ್ತಿದ್ದಳು. ಪುಸ್ತಕದಲ್ಲಿ ಮುಳುಗಿದ್ದ ಇವರು ತಲೆ ಕೂಡ ಎತ್ತದೆ, ತುಟಿಗೆ ಬೆರಳಿಟ್ಟು, ‘ಶ್!’ ಎಂದುಬಿಟ್ಟರು.

“ಶ್ ಅಂತೆ ಶ್! ನಾನೇನು ನಿಮ್ಮ ಲೈಬ್ರರಿಗೆ ಬಂದು ಕೂತಿದ್ದೀನಾ?” ಎಂದು ಅವಳು ಸೌಟನ್ನು ಅಲ್ಲೇ ಕೆಡವಿ ಎದ್ದಳು. “ತಗೊಳ್ಳಿ, ಹೊಟ್ಟೆ ತುಂಬ ನಿಶ್ಶಬ್ದ ಉಣ್ಣಿ. ನಾನು ಅಮ್ಮನ ಹತ್ರ ಹೊರಟೆ. ನೀವು ಫೋನ್ ಮಾಡ್ಬೇಡಿ. ಸಿಟ್ಟು ಇಳಿದ ಮೇಲೆ ನಾನೇ ಮಾಡ್ತೀನಿ. ಆಗೇನಾದ್ರೂ ಎತ್ತಲಿಲ್ಲ ಅಂದ್ರೆ...”

ವಾಕ್ಯವನ್ನು ಪೂರ್ತಿ ಮಾಡದೆ ಹೋದಳು. ಮದುವೆಯಾದಂದಿನಿಂದ ಅವಳು ಅರ್ಧಕ್ಕೆ ನಿಲ್ಲಿಸಿದ ಮೊದಲ ವಾಕ್ಯ ಅದು.

ಅಂದಿನಿಂದ ಮನೆ ಮೌನವಾಯಿತು. ಬಯಸಿ ಪಡೆದ ಮೌನವೇ ಬೇರೆ, ಬಿಟ್ಟುಹೋದವರು ಇಟ್ಟುಹೋದ ಮೌನವೇ ಬೇರೆ ಎಂದು ಶ್ ಸಾರ್‌ಗೆ ಆಗ ತಿಳಿಯಿತು. ಪಾತ್ರೆ ತೊಳೆಯುವಾಗ ಬೇಕೆಂದೇ ಒಂದಕ್ಕೊಂದು ತಾಗಿಸಿ ಸದ್ದು ಮಾಡುತ್ತಿದ್ದರು. ಸೀಮಂತದಲ್ಲಿ ಕೊನೆಗೆ ಯಾರು ಗೆದ್ದರು ಎಂಬ ಚಿಂತೆ ನಿದ್ದೆಗೆಡಿಸಿತು. ದೇವರೇ, ಆ ಜಗಳದ ಉಳಿದರ್ಧವನ್ನು ಅವಳ ಬಾಯಿಂದಲೇ ಕೇಳಿಸು ಎಂದು ಕೈಮುಗಿದರು. ಹಳೆಯ ಬ್ಯಾಟರಿ ಮಧ್ಯಾಹ್ನಕ್ಕೇ ಕಣ್ಣುಮುಚ್ಚುತ್ತಿತ್ತು. ಅದು ಮಲಗಿದ ಹೊತ್ತಿಗೇ ಅವಳ ಸಿಟ್ಟು ಇಳಿದರೇನು ಗತಿ ಎಂದು ಹೆದರಿ ಹೊಸದನ್ನು ಹಾಕಿಸಿದ್ದರು.

ಶ್ ಸಾರ್ ಪುಸ್ತಕದ ಕಪಾಟುಗಳ ನಡುವೆ ನುಸುಳಿ ರಿಪೇರಿಯವನಿಗೆ ಫೋನ್ ಹಚ್ಚಿದರು. “ಏನಪ್ಪಾ, ಇದು ಸುಡ್ತಾ ಇದೆ!”

“ಹೊಸ ಬ್ಯಾಟರಿ ಅಲ್ವಾ ಸಾರ್,” ಎಂದ ಅವನು ನಿರಾಳವಾಗಿ. “ಹೊಸದಾಗಿ ಮದುವೆ ಆದವರ ಥರ. ಒಂದಕ್ಕೊಂದು ಹೊಂದ್ಕೊಳ್ಳೋ ತನಕ ಸ್ವಲ್ಪ ಕಾವು ಇರುತ್ತೆ.”

“ನನ್ನ ಮದುವೆ ಹಳೇದಪ್ಪ. ಅದೇ ಈಗ ಕಾವೇರಿರೋದು.”

“ಸರಿ, ಒಂದು ಟೆಸ್ಟ್ ಮಾಡೋಣ. ಕಾಲ್ ಕಟ್ ಮಾಡ್ಬೇಡಿ. ಹಾಗೇ ಪಕ್ಕದಲ್ಲಿಟ್ಟು, ಆಗಾಗ ಮುಟ್ಟಿ ನೋಡಿ. ನಾನೂ ಲೈನಲ್ಲೇ ಇರ್ತೀನಿ.”

ಶ್ ಸಾರ್ ಕಾಲ್ ಕಟ್ ಮಾಡದೆ ಫೋನನ್ನು ಎರಡು ದಪ್ಪ ನಿಘಂಟುಗಳ ಮೇಲೆ ಮಲಗಿಸಿದರು. ಹಸುಗೂಸಿನ ಹಣೆ ಮುಟ್ಟಿದ ಹಾಗೆ ಆಗಾಗ ಮುಟ್ಟಿ ನೋಡುತ್ತ ನಿಂತರು. ಆ ಕಡೆಯಿಂದ ಸ್ಕ್ರೂ ತಿರುಗಿಸುವ ಸದ್ದು, ರಿಪೇರಿಯವನು ಇನ್ಯಾರಿಗೋ ಬೈಯುವ ಸದ್ದು ಕೇಳಿಸುತ್ತಿತ್ತು. ಫೋನು ತಣ್ಣಗಾಗುವ ಲಕ್ಷಣ ಕಾಣಲಿಲ್ಲ.

ಆಗ ಕೌಂಟರಿನಲ್ಲಿ ಪುಸ್ತಕ ಬರೆದುಕೊಳ್ಳುವ ಅಕ್ಕ ಕೈಬೀಸಿ ಕರೆದರು. ಆಕೆ ಶ್ ಸಾರ್ ಇರುವ ಬೀದಿಯವರೇ. ಆದರೆ ಇದು ಗ್ರಂಥಾಲಯ. ಗೋಡೆಯ ಮೇಲೆ ‘ಮೌನವಾಗಿರಿ’ ಎಂದು ಶ್ ಸಾರ್ ಕೈಯಾರೆ ಬರೆದ ಫಲಕ ತೂಗುತ್ತಿತ್ತು. ಆದ್ದರಿಂದ ಅಕ್ಕ ಗಂಟಲನ್ನೇ ನುಂಗಿದ ಹಾಗೆ ಪಿಸುಗುಟ್ಟಿದರು:

“ಸಾರ್, ನಿಮ್ಮ ಮನೆಯವರು ನನಗೆ ಫೋನ್ ಮಾಡಿದ್ರು. ನಿಮ್ಮ ಫೋನು ಬಿಸಿ ಅಂತೆ!”

ಶ್ ಸಾರ್ ಕೌಂಟರಿನ ಮೇಲೆ ಬಾಗಿದರು. “ಬಿಸಿ ಅಂತ ಹೇಳಿದ್ಲಾ? ಅವಳೇ?”

“ಹೂಂ ಸಾರ್. ಎಷ್ಟು ಸಲ ನೋಡಿದ್ರೂ ಬಿಸಿನೇ ಅಂತ ಬೇಜಾರಲ್ಲಿದ್ರು.”

ಶ್ ಸಾರ್ ಕಣ್ಣು ತುಂಬಿಬಂತು. ಅಷ್ಟು ದೂರದ ತವರಿನಲ್ಲಿ ಕೂತವಳಿಗೆ ಇಲ್ಲಿ ತನ್ನ ಜೇಬಿನ ಬಿಸಿ ತಿಳಿಯಿತು! ಇದಲ್ಲವೇ ದಾಂಪತ್ಯ! ಈಚಲ ಚಾಪೆಯ ಎರಡು ಅಂಚಿನಂತೆ, ಒಂದನ್ನು ಎಳೆದರೆ ಇನ್ನೊಂದು ಅಲುಗುತ್ತದೆ.

“ಇದನ್ನ ಹೇಗಾದ್ರೂ ತಣ್ಣಗೆ ಮಾಡ್ಬೇಕು. ಈಗಲೇ,” ಎಂದರು ಉಕ್ಕಿದ ದನಿಯಲ್ಲಿ.

ಓದುತ್ತಿದ್ದವರೆಲ್ಲ ಒಟ್ಟಿಗೆ ತಿರುಗಿ, “ಶ್!” ಎಂದರು.

ಮೂಲೆಯಲ್ಲಿ ದಿನವೂ ಪತ್ರಿಕೆಯ ಕೊನೆಯ ಅಕ್ಷರದವರೆಗೂ ಓದುವ ನಿವೃತ್ತ ಓವರ್ಸಿಯರು ಒಬ್ಬರಿದ್ದರು. ಎಲ್ಲರಿಗೂ ಅವರು ಪೇಪರ್ ತಾತ. ಸುಡುವ ವಸ್ತುವಿನ ವಾಸನೆ ಹಿಡಿದು ಬಂದೇಬಿಟ್ಟರು. “ಕೊಡಿ ಇಲ್ಲಿ. ಹೋದ ಭಾನುವಾರದ ಪುರವಣೀಲಿ ಇದೇ ಬಂದಿತ್ತು. ಮೊದಲು ಆ ಕಾಲ್ ಕಟ್ ಮಾಡಿ.”

“ರಿಪೇರಿಯವನು ಬೇಡ ಅಂದ...”

“ಅವನು ಬೇಡ ಅಂದ, ಪುರವಣಿ ಬೇಕು ಅಂತು. ಯಾರು ದೊಡ್ಡೋರು?”

ಕಾಲ್ ಕಟ್ಟಾಯಿತು. ತಾತ ಫೋನಿನ ಕವಚ ಬಿಚ್ಚಿದರು, ಬೆಳಕು ಕುಗ್ಗಿಸಿದರು, ತೆರೆದಿದ್ದ ಆಪ್‌ಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳಿ ಮುಚ್ಚಿದರು. ಬಿಸಿ ಇಳಿಯಲಿಲ್ಲ. ಕಿಟಕಿಯ ಹತ್ತಿರ ಓದುತ್ತಿದ್ದವನೊಬ್ಬ ಒದ್ದೆ ಬಟ್ಟೆ ಸುತ್ತಿ ಎಂದ. ಕೌಂಟರಿನ ಅಕ್ಕ ಫ್ಯಾನಿನಡಿ ಇಡಿ ಎಂದರು. ನೋಡನೋಡುತ್ತಿದ್ದಂತೆ ಅದೊಂದು ಪಿಸುಮಾತಿನ ಸಂತೆಯಾಯಿತು. ಕೊನೆಗೆ ತಾತ ಕನ್ನಡಕ ಮೇಲೇರಿಸಿ, ಪರದೆಯನ್ನು ಕೆಳಕ್ಕೆಳೆದು, ಏನೋ ಒತ್ತಿದರು.

“ಈಗ ನೋಡಿ.”

ಪವಾಡವೇ ಸರಿ. ಸ್ವಲ್ಪ ಹೊತ್ತಿನಲ್ಲೇ ಫೋನು ಬಾವಿಯಿಂದ ಮೇಲೆತ್ತಿದ ಕಲ್ಲಿನಷ್ಟು ತಣ್ಣಗಾಯಿತು. ಶ್ ಸಾರ್ ಅದನ್ನು ಕೆನ್ನೆಗೊತ್ತಿಕೊಂಡರು. “ತಾತ, ನಿಮ್ಮ ಉಪಕಾರ ಸಾಯೋ ತನಕ ಮರೆಯಲ್ಲ.”

ಆಮೇಲೆ ಮಧ್ಯಾಹ್ನವಿಡೀ ಕಾದರು. ಪುಸ್ತಕ ಜೋಡಿಸುತ್ತ ಕಾದರು, ಧೂಳು ಹೊಡೆಯುತ್ತ ಕಾದರು. ಒಬ್ಬಳು ಹುಡುಗಿ ಗೆಳತಿಯ ಕಿವಿಯಲ್ಲಿ ಏನೋ ಹೇಳಿ ನಕ್ಕಾಗ ಅಭ್ಯಾಸದಂತೆ ತುಟಿಗೆ ಬಂದ ಬೆರಳನ್ನು ಇಳಿಸಿ, ಆ ನಗೆಯನ್ನು ಕೊನೆಯವರೆಗೂ ಕೇಳಿದರು. ಫೋನು ಮಾತ್ರ ತಣ್ಣಗೆ, ಸುಮ್ಮನೆ, ಸಾಧುವಿನ ಹಾಗೆ ಮಲಗಿತ್ತು.

ಸಂಜೆ ಬಾಗಿಲು ಹಾಕುವಾಗ ಕೌಂಟರಿನ ಅಕ್ಕ ಕೇಳಿದರು: “ಮಾತಾಡಿದ್ರಾ ಸಾರ್?”

“ಇಲ್ಲಮ್ಮ. ಫೋನೇನೋ ತಣ್ಣಗಾಗಿದೆ. ಅವಳ ಸಿಟ್ಟು ಆಗಿಲ್ಲ.”

ಅಕ್ಕ ಅನುಮಾನದಿಂದ ಅವರ ನಂಬರಿಗೆ ಹಚ್ಚಿ ನೋಡಿದರು. ಫೋನು ಅಲುಗಲಿಲ್ಲ. ಅದನ್ನು ಕೈಗೆ ತಗೊಂಡವರೇ ಹಣೆ ಚಚ್ಚಿಕೊಂಡರು. “ಅಯ್ಯೋ ಸಾರ್, ಇಲ್ಲಿ ವಿಮಾನ ಹಾರ್ತಾ ಇದೆ! ಫ್ಲೈಟ್ ಮೋಡಿಗೆ ಹಾಕಿದ್ದಾರೆ ನಿಮ್ಮ ತಾತ. ಹೀಗಿದ್ರೆ ಕಾಲೇ ಬರಲ್ಲ!”

“ಮತ್ತೆ ಅವಳೇ ಬಿಸಿ ಅಂದಿದ್ದಕ್ಕೆ...”

“ಬಿಸಿ ಅಂದ್ರೆ ಕೈ ಸುಡೋ ಬಿಸಿ ಅಲ್ಲ ಸಾರ್! ಎಂಗೇಜು! ಯಾರ ಜೊತೆನೋ ಮಾತಾಡ್ತಾ ಇದ್ದೀರಿ ಅಂತ!”

ಅಕ್ಕ ವಿಮಾನವನ್ನು ಕೆಳಗಿಳಿಸಿದ ಕೂಡಲೇ ಫೋನು ಟಿಂಗೆಂದಿತು. ಮಧ್ಯಾಹ್ನದ ಸಂದೇಶ: ‘ಬಸ್ ಸ್ಟ್ಯಾಂಡಲ್ಲಿ ಕಾದು ಸಾಕಾಯ್ತು. ಮೊದಲು ಬಿಸಿ, ಆಮೇಲೆ ಸ್ವಿಚ್ ಆಫ್. ನಾನು ಮನೆಗೆ ಹೋದೆ. ಬೇಕಿದ್ರೆ ಬನ್ನಿ.’

ಬಂದಿದ್ದಳು! ಈ ಊರಿನವರೆಗೂ ಬಂದು, ಕಾದು, ಅಮ್ಮನ ಮನೆಗೆ ವಾಪಸು ಹೋಗಿದ್ದಳು! ಶ್ ಸಾರ್ ಅವಳ ನಂಬರು ಒತ್ತಿದರು. ಈ ಸಲ ಅವಳದೇ ಬಿಸಿ. ಮತ್ತೆ ಒತ್ತಿದರು. ಮತ್ತೆ ಬಿಸಿ. ಚಪ್ಪಲಿ ಅರ್ಧ ಮೆಟ್ಟಿಕೊಂಡೇ ಬಸ್ ಸ್ಟ್ಯಾಂಡಿಗೆ ಓಡಿದರು. ಅವಳ ತವರಿನ ಬಸ್ಸು ಆಗಲೇ ಉಸಿರೆಳೆದುಕೊಂಡು ಹೊರಟಿತ್ತು. ಬಾಗಿಲಿನ ಕಂಬಿ ಹಿಡಿದು, ಬಾವಲಿಯಂತೆ ಜೋತು, ಒಳಗೆ ಬಿದ್ದರು.

ಬಸ್ಸು ಊರಿನ ಕೊನೆಯ ಬೀದಿಗಳನ್ನು ದಾಟುತ್ತಿದ್ದಾಗ ಫೋನು ಕೂಗಿತು. ಅವಳೇ!

“ಏನ್ರೀ ಇದು? ಬೇಕಿದ್ರೆ ಬನ್ನಿ ಅಂದಿದ್ದೆ. ಬೇಡವಾಯ್ತಾ?”

ಆ ದನಿ! ಅದರಲ್ಲಿದ್ದ ಸಿಟ್ಟೂ ಸಕ್ಕರೆಯಂತೆ ಕಿವಿಗಿಳಿಯಿತು. “ಬರ್ತಾ ಇದ್ದೀನಿ ಕಣೇ! ಬಸ್ ಹತ್ತಿದ್ದೀನಿ!”

“ಲೈಬ್ರರಿಯಿಂದ ಮನೆಗೆ ಬರೋಕೆ ಬಸ್ ಯಾಕ್ರೀ?”

“ನಿಮ್ಮಮ್ಮನ ಮನೆಗೆ...”

“ಅಮ್ಮನ ಮನೆನಾ? ನಾನು ಮನೆ ಅಂದ್ರೆ ನಮ್ಮನೆ ಕಣ್ರೀ! ಇನ್ಯಾವ ಮನೆ ಇದೆ ನನಗೆ? ಮಧ್ಯಾಹ್ನದಿಂದ ಬೀಗದ ಮುಂದೆ ಕೂತಿದ್ದೀನಿ. ಈಗಷ್ಟೇ ಒಂದು ಬಸ್ಸು ಬೀದಿ ತುದೀಲಿ ಹೋಯ್ತು. ಅದರ ಧೂಳೆಲ್ಲ ನನ್ನ ಮುಖದ ಮೇಲಿದೆ. ಅದಿರಲಿ, ಆ ಸೀಮಂತದಲ್ಲಿ ಏನಾಯ್ತು ಗೊತ್ತಾ, ನಮ್ಮ ಚಿಕ್ಕಮ್ಮ ಎದ್ದು...”

ಫೋನು ಕೆನ್ನೆ ಸುಡುತ್ತಿತ್ತು. ಶ್ ಸಾರ್ ತೆಗೆಯಲಿಲ್ಲ. ಇನ್ನಷ್ಟು ಒತ್ತಿ ಹಿಡಿದರು. ಚಿಕ್ಕಮ್ಮ ಎದ್ದು ಏನು ಮಾಡಿದರೋ, ಅಷ್ಟರಲ್ಲಿ ಫೋನು ‘ತಣ್ಣಗಾಗುವವರೆಗೆ ಕಾಯಿರಿ’ ಎಂದು ತೋರಿಸಿ ಕಣ್ಣುಮುಚ್ಚಿತು.

ಕಂಡಕ್ಟರು ಬಂದು ಭುಜ ತಟ್ಟಿದ. “ಎಲ್ಲಿಗೆ ಸಾರ್?”

“ನಮ್ಮನೆಗೆ,” ಎಂದರು ಶ್ ಸಾರ್, ಕಿಟಕಿಯಾಚೆ ಬೆರಳು ತೋರಿಸಿ.

ಕಂಡಕ್ಟರು ಬಗ್ಗಿ, ಆ ಬೆರಳು ತೋರಿದ ಕಡೆ ನೋಡಿದ. “ಅದು ಹಿಂದೆ ಹೋಯ್ತಲ್ಲ ಸಾರ್. ಇದು ನಾನ್‌ಸ್ಟಾಪು.”